ಆರು ಚೊಂಬು ನೀರಿನ ರಿಪೋರ್ಟು

ಸೊರಬದ ಡ್ರಾಯಿಂಗ್ ಮಾಸ್ತರು ತ್ರ್ಯಂಬಕರು ಹೆಂಡತಿಯ ಕಣ್ಣೀರೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ತಡೆದುಕೊಳ್ಳಬಲ್ಲ ಧೀರರು.

ಹಿಂದಿನ ವಾರ ಶಾಲೆಯ ಮಕ್ಕಳನ್ನು ಬಳ್ಳಿಗಾವಿಗೆ ಕರೆದೊಯ್ದು, ದಿನವಿಡೀ ಬಿಸಿಲಲ್ಲಿ ತೊಟ್ಟು ನೀರೂ ಕುಡಿಯದೆ, ಬಂದವರೇ ವರ್ಷದ ತಪಾಸಣೆಯ ಮೂತ್ರಪರೀಕ್ಷೆಗೆ ಕೊಟ್ಟಿದ್ದರು. ರಿಪೋರ್ಟಿನಲ್ಲಿ ಪ್ರೋಟೀನಿನ ಮುಂದೆ ಒಂದು ಪ್ಲಸ್! ವಾರ ಬಿಟ್ಟು ಮತ್ತೆ ಮಾಡಿಸಿ, ಆಮೇಲೆ ಕಿಡ್ನಿ ನೋಡೋಣ ಎಂದರು ಡಾಕ್ಟರು. ಆದರೆ ಹೆಂಡತಿ ವಿನೋದಾಳ ಅಣ್ಣ ಕಿಡ್ನಿ ಕೆಟ್ಟೇ ತೀರಿಕೊಂಡಿದ್ದ. ಅವಳಿಗೆ ಅಂದಿನಿಂದ ಊಟ ಸೇರದು, ಒಗ್ಗರಣೆ ಹಾಕುವಾಗಲೂ ಅಳು. ನೋಡಲಾರದೆ ಮಾಸ್ತರು ಮೊಬೈಲಿನಲ್ಲಿ ತಡಕಾಡಿ ಒಂದು ಮಹಾಸತ್ಯ ಕಂಡುಕೊಂಡರು: ನೀರು ಹೆಚ್ಚು ಕುಡಿದರೆ ಪ್ರೋಟೀನು ತೆಳುವಾಗಿ ಪರೀಕ್ಷೆಯ ಕಣ್ಣಿಗೆ ಬೀಳದು.

ಪರೀಕ್ಷೆಯ ದಿನ ಎದ್ದವರೇ ಒಂದಾದಮೇಲೊಂದು ಆರು ಚೊಂಬು ಇಳಿಸಿದರು.

"ರೀ, ಇದೆಂತ ಗಂಗಾವತರಣ?"

"ಸೆಖೆ ಕಣೇ." (ಹೊರಗೆ ಮಂಜು ಸುರಿಯುತ್ತಿತ್ತು.)

ಲ್ಯಾಬಿನವರು ಕೊಟ್ಟಿದ್ದ ಡಬ್ಬಿ ಹೆಬ್ಬೆರಳಷ್ಟು. ಮಜ್ಜಿಗೆ ಕೇಳಿದವರಿಗೂ ತಂಬಿಗೆ ತುಂಬ ಕೊಡುವ ಮನೆತನ ಅವರದು. ಇಷ್ಟೇ ಇಷ್ಟು ಕೊಟ್ಟರೆ ಜನ ಏನಂದಾರು? ಜೋನಿಬೆಲ್ಲದ ಖಾಲಿ ಬಾಟಲಿಗೆ ನೀರು ಹಾಕಿ ಒಮ್ಮೆ ಕುಲುಕಿ ಚೆಲ್ಲಿ, ಕಂಠಮಟ್ಟ ತುಂಬಿಕೊಂಡು ಹೆಂಡತಿಯೊಡನೆ ಹೊರಟರು.

ಲ್ಯಾಬಿನ ಅಂಬರೀನ್ ಅರ್ಧ ಗಂಟೆ ಬಿಟ್ಟು ಹೊರಬಂದಳು. "ಸಾರ್, ಪ್ರೋಟೀನ್ ಇಲ್ಲ."

ವಿನೋದಾ ಕೈ ಮುಗಿದಳು.

"ಆದ್ರೆ ಸಕ್ಕರೆ ನಾಲ್ಕು ಪ್ಲಸ್!"

ಮುಗಿದ ಕೈ ಹಾಗೇ ನಿಂತಿತು, ಕಣ್ಣು ತುಂಬಿತು. ಮಾಸ್ತರ ಧೈರ್ಯ ಅಲ್ಲಿಗೆ ಮುಗಿಯಿತು. "ಅಳಬೇಡ್ವೇ! ಬಾಟ್ಲಿ ಬೆಲ್ಲದ್ದು! ನೀರೂ ಬೇಕಂತಲೇ ಕುಡಿದದ್ದು!"

"ಹಂಗಾದ್ರೆ ಇದು ಪಾನಕ ಸಾರ್!" ಎಂದಳು ಅಂಬರೀನ್. "ಇಷ್ಟು ನೀರು ಕುಡಿದ್ರೆ ಪ್ರೋಟೀನ್ ಇದ್ರೂ ಕಾಣಲ್ಲ. ಹೋದ್ವಾರ ನೀರೇ ಕುಡೀದೆ ಬಂದೆ ಅಂದಿದ್ರಿ, ಇರೋದಕ್ಕಿಂತ ಜಾಸ್ತಿ ಕಂಡಿರಬಹುದು. ಎಂದಿನಷ್ಟೇ ನೀರು ಕುಡೀರಿ. ನಾಳೆ ಎದ್ದ ಕೂಡ್ಲೆ ಮೊದಲನೇದು ಈ ಡಬ್ಬಿಯಲ್ಲೇ ತನ್ನಿ."

ವಿನೋದಾ ದಾರಿಯುದ್ದಕ್ಕೂ ಮಾಸ್ತರಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಮನೆ ಬಾಗಿಲಲ್ಲಿ ನಿಂತು, "ನಿಮಗೇನಾದ್ರೂ ಆದ್ರೆ ನನಗೇ ಮುಚ್ಚಿಡ್ತೀರಾ? ಅಳೋದು ನನ್ನ ಕೆಲ್ಸ, ನಾನು ನೋಡ್ಕೋತೀನಿ," ಎಂದಳು. ಮಾಸ್ತರಿಗೆ ಅವಳ ಕೈ ಹಿಡಿಯಬೇಕೆನಿಸಿತು. ಆದರೆ ಆರು ಚೊಂಬು ಬಿಡಲಿಲ್ಲ, ಹಿತ್ತಲಿಗೆ ಓಡಿದರು.

ಮರುದಿನ ರಿಪೋರ್ಟು ಸ್ವಚ್ಛ: ಪ್ರೋಟೀನೂ ಇಲ್ಲ, ಸಕ್ಕರೆಯೂ ಇಲ್ಲ. ವಾರದಿಂದ ಕಟ್ಟಿಕೊಂಡಿದ್ದ ಭಯವೆಲ್ಲ ಒಡೆದು ವಿನೋದಾ ಅಲ್ಲೇ ಲ್ಯಾಬಿನ ಬೆಂಚಿನ ಮೇಲೆ ಕೂತು ಸಂತೋಷಕ್ಕೆ ಗೊಳೋ ಎಂದು ಅತ್ತಳು. ಪಕ್ಕದಲ್ಲಿದ್ದ ಮುದುಕಿ ಗುತ್ಯಮ್ಮ ಅವಳ ಬೆನ್ನು ಸವರಿ, ರಿಪೋರ್ಟು ಹಿಡಿದು ಹಲ್ಲುಕಿರಿಯುತ್ತಿದ್ದ ಮಾಸ್ತರನ್ನು ದುರುಗುಟ್ಟಿ ನೋಡಿದಳು.

"ಕಟ್ಕಂಡ ಹೆಂಡ್ತೀನ ಹಿಂಗೆ ಅಳ್ಸಿ ನಗ್ತೀಯಲ್ಲೋ, ನಾಚ್ಕೆ ಆಗಲ್ವ ನಿಂಗೆ?"