ಯಂಕಪ್ಪನ ಎದೆಗೆ ಸಂಗಪ್ಪನ ಡಬ್ಬಿ

ಗದಗಿನ ಭಜಂತ್ರಿ ಓಣಿಯ ತುದಿಯಲ್ಲಿ ಮಿಕ್ಸರ್ ರಿಪೇರಿ ಮಾಡುವ ಸಂಗಪ್ಪ, ಸ್ಟೀಲಿನ ಡಬ್ಬಿಯೊಂದನ್ನು ಸೋದರಮಾವ ಯಂಕಪ್ಪನ ಮುಂದಿಟ್ಟು, ಮಂತ್ರಿಗಳು ಕಲ್ಲು ಅನಾವರಣ ಮಾಡುವ ಠೀವಿಯಲ್ಲಿ ಟವೆಲ್ ಸರಿಸಿದ.

"ಮಾವಾ, ಡಾಕ್ಟರು ನಿಮ್ಮ ಎದಿಯೊಳಗ ಇಟ್ಟಾರಲ್ಲ ಮಾನಿಟರು, ಅದು ಬಡಿತ ತಪ್ಪಿದ ಮ್ಯಾಲೆ ಬರಕೋತೈತಿ. ನನ್ನ ಡಬ್ಬಿ ಅದರ ಸಿಗ್ನಲ್ ಹಿಡದು ಐದು ನಿಮಿಷ ಮೊದಲ ಹೇಳತೈತಿ."

"ಹೇಳಿದ್ರ ನಾ ಏನ್ ಮಾಡ್ಲೆಪಾ?"

"ತಯಾರಾಗ್ರಿ."

"ಎದಕ್ಕ?"

ಸಂಗಪ್ಪ ಅಷ್ಟು ದೂರ ಯೋಚಿಸಿರಲಿಲ್ಲ.

ಯಂಕಪ್ಪನಿಗೆ ಬೇಕಿದ್ದದ್ದು ಒಂದೇ. ನಲವತ್ತು ವರ್ಷ ಊರಿನವರ ಮದುವೆಗೆಲ್ಲ ಡ್ರಮ್ ಬಾರಿಸಿದವನು, ಸೋಮವಾರ ಮೊಮ್ಮಗಳ ಮದುವೆ ಮೆರವಣಿಗೆಯಲ್ಲೂ ಬಾರಿಸಬೇಕು. ಆದರೆ ಶನಿವಾರ, ರವಿವಾರ ಎರಡು ದಿನ ಮಾನಿಟರಿನಲ್ಲಿ ಒಂದೂ ತಪ್ಪು ಬಡಿತ ಕಾಣಬಾರದು, ಕಂಡರೆ ಡ್ರಮ್ ಮುಟ್ಟುವಂತಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಬುಧವಾರ ಡಬ್ಬಿ ಮೊದಲ ಸಲ ಕೂಗಿತು. ಸಂಗಪ್ಪ ಅದಕ್ಕೆ ಲಾರಿಯ ಹಾರ್ನ್ ಜೋಡಿಸಿದ್ದ. ಯಂಕಪ್ಪ ಕುರ್ಚಿಯಿಂದ ಗೇಣುದ್ದ ಹಾರಿದ. ಬಡಿತ ತಪ್ಪಿತು.

"ನೋಡ್ರಿ, ಖರೇ ಆತು!" ಎಂದು ಸಂಗಪ್ಪ ಕುಣಿದ.

"ಅದು ಹೇಳಿದ್ದಕ್ಕ ತಪ್ಪಿತಲೇ, ಮಬ್ಬ!"

ಗುರುವಾರ ಸಂಗಪ್ಪ ಹಾರ್ನ್ ಕಿತ್ತು, ಸುದ್ದಿ ಯಂಕಪ್ಪನ ಹೆಂಡತಿ ಕಾಶವ್ವನ ಮೊಬೈಲಿಗೆ ಮಾತ್ರ ಹೋಗುವಂತೆ ಮಾಡಿದ. ಕಾಶವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, ಗಂಡನ ಪಕ್ಕ ಕುಳಿತು, ಕೈ ಹಿಡಿದು ನಕ್ಕಳು. ನಲವತ್ತೈದು ವರ್ಷದ ಸಂಸಾರದಲ್ಲಿ ಹೀಗಾಗಿರಲಿಲ್ಲ.

"ಏನಾತ?" ಯಂಕಪ್ಪ ಬೆವೆತ.

"ಏನಿಲ್ರಿ, ಸುಮ್ನ ಬಂದೆ. ಶಿರಾ ತಿಂತೀರೇನು?"

ಸಕ್ಕರೆ ಮುಟ್ಟಗೊಡದವಳು ಶಿರಾ ಎಂದ ಕೂಡಲೇ ತನ್ನ ಕಾಲ ಮುಗಿಯಿತೆಂದು ಅವನಿಗೆ ಖಾತ್ರಿಯಾಯಿತು. ಬಡಿತ ಎರಡು ಸಲ ತಪ್ಪಿತು.

ಶುಕ್ರವಾರ ಮನಸ್ಸಿಗೆ ತಂಪಾಗಲೆಂದು ಸಂಗಪ್ಪ ಡಬ್ಬಿಗೆ ಹಾರ್ನಿನ ಬದಲು ಶಹನಾಯಿ ತುಂಬಿಸಿದ. ಅದೂ ಯಾರದು? ತಾಳಕ್ಕೆ ಎಂದೂ ನಿಲ್ಲದ ಎದುರುಮನೆಯ ದುರುಗಪ್ಪನದು. ಯಂಕಪ್ಪನ ರಕ್ತ ಕುದಿಯಿತು. ಬಡಿತ ದುರುಗಪ್ಪನ ತಪ್ಪು ತಾಳಕ್ಕೇ ಸರಿಹೊಂದಿಬಿಟ್ಟಿತು.

"ನನ್ನ ಎದಿಯೊಳಗ ಅವನ್ನ ಯಾಕ ಬಿಟ್ಟಿ?"

ಸಂಗಪ್ಪನ ಮುಖ ಬಾಡಿತು. "ಕಾರಣ ಹುಡುಕೂ ಬುದ್ಧಿನೂ ಹಾಕತೇನಿ ಮಾವಾ, ಇದೊಂದ ಸಲ." ಒಂದು ಮೈಕು ಜೋಡಿಸಿ, ತನ್ನ ಮೊಪೆಡ್ ಸದ್ದಿನಿಂದ ಹಿಡಿದು ಮೂರು ದಿನದ ಗದ್ದಲವನ್ನೆಲ್ಲ ಮತ್ತೆ ಮಾಡಿ ಡಬ್ಬಿಗೆ ಕೇಳಿಸಿ ಹೋದ.

ಶನಿವಾರ ಬೆಳಿಗ್ಗೆ ಓಣಿಯ ತುದಿಯಲ್ಲಿ ಸಂಗಪ್ಪನ ಮೊಪೆಡ್ ಸದ್ದಾಯಿತು. ಡಬ್ಬಿ ಮೆಲ್ಲಗೆ ಹೇಳಿತು: "ಐದು ನಿಮಿಷದಲ್ಲಿ ಬಡಿತ ತಪ್ಪುತ್ತದೆ. ಕಾರಣ, ಸಂಗಪ್ಪ."

ಯಂಕಪ್ಪ ಮೊದಲ ಬಾರಿಗೆ ಡಬ್ಬಿಯನ್ನು ಪ್ರೀತಿಯಿಂದ ನೋಡಿದ. ಎದ್ದು ಅಗಳಿ ಹಾಕಿದ.

"ಮಾವಾ, ಬಾಗಲಾ ತಗೀರಿ. ಡಬ್ಬಿ ಸರಿ ಐತೇನು ನೋಡತೇನಿ."

"ಭಾಳ ಛಲೋ ಐತಿ. ಹೋಗು."

ಎರಡು ದಿನ ಡಬ್ಬಿ ಹನ್ನೊಂದು ಸಲ ಎಚ್ಚರಿಸಿತು, ಹನ್ನೊಂದು ಸಲ ಅಗಳಿ ಬಿತ್ತು. ಮಾನಿಟರಿನಲ್ಲಿ ಒಂದೂ ತಪ್ಪಿಲ್ಲ.

ಸೋಮವಾರ ಯಂಕಪ್ಪ ಡಬ್ಬಿಯನ್ನು ಡ್ರಮ್ಮಿಗೇ ಕಟ್ಟಿಕೊಂಡು ಬಾರಿಸಿದ. ಸಂಗಪ್ಪ ಹತ್ತಿರ ಬಂದಾಗಲೆಲ್ಲ ಅದು ಅವನ ಹೆಸರು ಕೂಗುತ್ತಿತ್ತು. ಬೀಗರು ಅವನನ್ನು ಗೌರವದಿಂದ ಹಿಂದಕ್ಕೆ ಕಳಿಸುತ್ತಿದ್ದರು.

ಊಟಕ್ಕೆ ಬಂದಿದ್ದ ಡಾಕ್ಟರು ಕುತೂಹಲದಿಂದ ಕೇಳಿದರು: "ಇದು ಹೇಳೋದು ನಿಜ ಆಗುತ್ತಾ?"

"ಅದನ್ನ ನೋಡಾಕ ಒಮ್ಮಿ ಬಾಗಲಾ ತಗೀಬೇಕಿತ್ರಿ," ಎಂದ ಯಂಕಪ್ಪ. "ತಗೀಲಿಲ್ಲ."