ಮಾವನ ಕಣದಲ್ಲಿ ಐದನೇ ಆಯಾಮ

ನಾನು ನಿಂತಿದ್ದದ್ದು ಮಡಿಕೇರಿ ಹತ್ತಿರದ ಗಾಳಿಬೀಡಿನಲ್ಲಿ, ನನ್ನ ಸೋದರಮಾವನ ಕಾಫಿ ಕಣದ ಪೂರ್ವದ ಅಂಚಿನಲ್ಲಿ, ನೀರಿನ ತೊಟ್ಟಿಯಿಂದ ಎರಡು ಹೆಜ್ಜೆ ಈಚೆ. ಜನವರಿಯ ಒಂದು ಮಧ್ಯಾಹ್ನ, ಮೂರು ಗಂಟೆ ಹತ್ತು ನಿಮಿಷ. ಇಷ್ಟು ಕರಾರುವಾಕ್ಕಾಗಿ ಹೇಳದಿದ್ದರೆ ನೀವು ನಂಬುವುದಿಲ್ಲ. ಕಾಫಿ ಒಣಗಿಸುವ ಸಿಮೆಂಟ್ ನೆಲದ ಕಾಲು ಭಾಗವನ್ನು ಐದನೇ ಆಯಾಮಕ್ಕೆ ಬಿಟ್ಟುಕೊಟ್ಟವರು ಇಡೀ ಕೊಡಗಿನಲ್ಲಿ ನನ್ನ ಮಾವ ಒಬ್ಬರೇ!

ಮಾವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ಪ್ರಕಾರ ನಮ್ಮ ಜಗತ್ತು ಒಂದು ತೆಳು ಪೊರೆ. ಅದರಾಚೆಗೆ ಕಾಣದ ಇನ್ನೊಂದು ದಿಕ್ಕು ಇದೆ, ಅದೇ ಐದನೇ ಆಯಾಮ. ಹಾಗಿದ್ದರೆ ಎಲೆಕ್ಟ್ರಾನಿನಂಥವು ಆಚೆಗೆ ಸೋರಿಹೋಗದೆ ಪೊರೆಯಲ್ಲೇ ಉಳಿದಿರುವುದು ಹೇಗೆ? ಹನ್ನೊಂದು ವರ್ಷದಿಂದ ಇದೇ ಚಿಂತೆ. ಕಾಗದ ಸಾಲದೆ ಕಣದ ಮೂಲೆಯಲ್ಲಿ ಸೀಮೆಸುಣ್ಣದಿಂದ ಲೆಕ್ಕ ಮಾಡುತ್ತಿದ್ದರು. ಕೆಲಸದವರು ಅದನ್ನು ದೇವರ ಮುಂದಿನ ರಂಗೋಲಿಯಂತೆ ತುಳಿಯದೆ ಬಳಸಿಕೊಂಡು ಹೋಗುತ್ತಿದ್ದರು.

“ಈ ಎಲೆಕ್ಟ್ರಾನಿನಂಥವು ಸ್ಪಿನರ್. ಸ್ಪಿನರ್ ಅಂದ್ರೆ, ಒಂದು ಸುತ್ತು ತಿರುಗಿದ್ರೆ ಮೊದಲಿನ ಹಾಗೆ ಆಗುದಿಲ್ಲ. ಎರಡು ಸುತ್ತು ಬೇಕು” ಎಂದು ಒಮ್ಮೆ ನನಗೆ ವಿವರಿಸುತ್ತಿದ್ದರು.

“ಇವರ ಹಾಗೇ” ಎಂದರು ಅತ್ತೆ. “ಮಡಿಕೇರಿಗೆ ಒಂದು ಸಲ ಕಳಿಸಿದ್ರೆ ಉಪ್ಪು ಬರುದಿಲ್ಲ.”

“ಗುರುತ್ವ ಒಂದೇ ಅದನ್ನು ಹಿಡಿದಿಡುದಿಲ್ಲ ಮಾರಾಯ. ಬೇರೆ ಎಂತಾದ್ರೂ ಚಿಲಕ ಬೇಕು.”

“ಚಿಲಕ ಹಿಂದಿನ ಬಾಗಿಲಿಗೂ ಬೇಕು. ಹೇಳಿ ವರ್ಷ ಆಯ್ತು!”

ಆ ಜನವರಿಯ ದಿನ ಲೆಕ್ಕದ ಉತ್ತರ ಮೊದಲ ಬಾರಿಗೆ ಅನಂತಕ್ಕೆ ಓಡದೆ ಒಂದು ಸಂಖ್ಯೆಯಲ್ಲಿ ನಿಂತಿತ್ತು. ಮಾವ ಅದನ್ನಿನ್ನೂ ಪುಸ್ತಕಕ್ಕೆ ಇಳಿಸಿರಲಿಲ್ಲ. ಅಷ್ಟರಲ್ಲಿ ಅಕಾಲದ ಮಳೆ! ಉಳಿದ ಕಣದ ತುಂಬ ಕಾಫಿ. ಕೈಗೆ ಸಿಕ್ಕಿದ್ದು ಒಂದೇ ಟಾರ್ಪಾಲು. ಒಂದು ತುದಿಯನ್ನು ಮಾವ ಹಿಡಿದು ಎಳೆದರು, ಇನ್ನೊಂದನ್ನು ಅತ್ತೆ. ಮಾವ ಲೆಕ್ಕದ ಕಡೆಗೆ ಎಳೆಯುತ್ತಿದ್ದಾರೆಂದೇ ನಾನು ತಿಳಿದೆ. ಅಲ್ಲ, ಅವರು ಎಳೆಯುತ್ತಿದ್ದದ್ದು ಕಾಫಿಯ ಕಡೆಗೆ!

“ಬಿಡು ಮಾರಾಯ್ತಿ, ಕಾಫಿ ನೆನೆದು ಚಂಡಿ ಆಗ್ತದೆ!”

“ಕಾಫಿ ಬರುವ ವರ್ಷವೂ ಆಗ್ತದೆ. ನಿಮ್ಮ ಲೆಕ್ಕ ಆಗ್ತದಾ?”

ನಡುವೆ ನಿಂತ, ತೋಟದಲ್ಲಿ ಆಳುಗಳ ಹಾಜರಿ ಬರೆಯುವ ರೈಟರು ಕೇಳಿದರು: “ಸಾರ್, ನಾನು ಯಾವ ಕಡೆ ಹಿಡಿಯುದು?”

ಅತ್ತೆ ಗೆದ್ದರು. ಟಾರ್ಪಾಲಿನಡಿ ಮಾವ ಮೊಣಕಾಲೂರಿ ಲೆಕ್ಕವನ್ನು ನಕಲು ಮಾಡಿಕೊಂಡರು. ಅತ್ತೆ ತಾವು ನೆನೆಯುತ್ತ ಅದರ ಅಂಚನ್ನು ಎತ್ತಿ ಹಿಡಿದಿದ್ದರು. ಮಾವ ಎರಡು ಸಲ ತಲೆಯೆತ್ತಿ ಅವರ ಮುಖ ನೋಡಿದರು. ನಾನು ಎಣಿಸಿದ್ದೇನೆ.

ಮರುದಿನ ಮೂರನೇ ಸಾಲಿನಲ್ಲೇ ತಪ್ಪು ಸಿಕ್ಕಿತು. ಮಾವ ಅಪರಾಧಿಯಂತೆ ಬಂದು ಹೇಳಿದಾಗ ಅತ್ತೆ ಒದ್ದೆ ಕಾಫಿ ಕೆದಕುತ್ತಿದ್ದರು. ತಲೆ ಎತ್ತಲಿಲ್ಲ. “ಅಳಿಸಿ ಮತ್ತೆ ಬರೀರಿ. ಮೂಲೆ ಅಲ್ಲೇ ಉಂಟಲ್ಲ.”

ಮಾವ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಆ ಮಧ್ಯಾಹ್ನವನ್ನು ಕಂಡವರಲ್ಲಿ ಈಗ ಇರುವವರು ಮೂವರು: ನಾನು, ರೈಟರು, ಮತ್ತು ಆ ಮೂಲೆಯಲ್ಲಿ ಈ ವರ್ಷವೂ ಒಂದು ಕಾಳು ಕಾಫಿಯನ್ನೂ ಹರಡಲು ಬಿಡದ ಅತ್ತೆ.