ಚಾರಣಕ್ಕೆ ಹೊರಟ ಹಲಸು

ಮನುಷ್ಯ ಬೆಟ್ಟ ಹತ್ತುವುದು ತನ್ನ ಅಲ್ಪತೆಯನ್ನು ಅರಿಯುವುದಕ್ಕೆ ಎಂದು ತಿಳಿದವರು ಹೇಳುತ್ತಾರೆ. ನನಗೆ ಅಷ್ಟು ಮೇಲೆ ಹೋಗಬೇಕಾಗಲಿಲ್ಲ. ಬುಡದ ಟಿಕೆಟ್ ಕೌಂಟರಿನಲ್ಲೇ ಅರಿವಾಯಿತು.

ವಯನಾಡಿನ ಮೀನಂಗಡಿ ಎಂಬ ಊರಿನಲ್ಲಿ ನಮ್ಮದೊಂದು ದಿನಸಿ ಅಂಗಡಿ. ಗುಂಡ್ಲುಪೇಟೆ ಕಡೆಯಿಂದ ಬೆಲ್ಲದ ಮೂಟೆ ಸಮೇತ ಬಂದ ನಮ್ಮಪ್ಪ ಇಟ್ಟದ್ದು. ಅಂಗಡಿಯ ಹಿಂದೆ ಮನೆ, ಅಡುಗೆಮನೆಗೊಂದು ಕಿಟಕಿ, ಕಿಟಕಿಯಾಚೆ ಒಂದು ಬೆಟ್ಟ. ಮದುವೆಯಾಗಿ ಬಂದ ಮೊದಲ ವಾರವೇ ನನ್ನ ಹೆಂಡತಿ ಸುಶೀಲ ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳಿದ್ದಳು, "ಇಲ್ಲಿಂದ ಬೆಟ್ಟ ಕಾಣತ್ತೆ. ಅಲ್ಲಿಂದ ನಮ್ಮನೆ ಕಾಣತ್ತಾ?"

"ನೋಡೋಣ" ಅಂದೆ. ಅದಾಗಿ ಮೂವತ್ತೊಂದು ವರ್ಷ.

ಈ ಬೇಸಿಗೆಯಲ್ಲಿ ಡಾಕ್ಟರು ಅವಳ ಮಂಡಿಯ ಎಕ್ಸ್‌ರೇ ನೋಡಿ, "ಹತ್ತೋದು ಇಳಿಯೋದು ಏನಾದರೂ ಬಾಕಿ ಇದ್ದರೆ ಈಗಲೇ ಮುಗಿಸಿಬಿಡಿ. ಮುಂದಿನ ವರ್ಷ ಮೆಟ್ಟಿಲೂ ಕಷ್ಟ" ಅಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಸುಶೀಲ ಒಂದು ಮಾತೂ ಆಡಲಿಲ್ಲ. ಅವಳು ಮಾತಾಡದಿದ್ದರೆ ಅದು ನನಗೆ ಹೊರಟ ಸರ್ಕಾರಿ ಆದೇಶ!

ನಾನು ಕಾಗದ, ಪೆನ್ನು ಹಿಡಿದು ಕೂತೆ. ಖರ್ಚಿನ ವಿಷಯದಲ್ಲಿ ನಾನು ಹಿಡಿತದ ಮನುಷ್ಯ. ಆರು ಮಳೆಗಾಲದ ಹಿಂದೆ ಚಾವಣಿಯ ಹಂಚು ಒಡೆದಾಗ ತಾತ್ಕಾಲಿಕವಾಗಿ ಒಂದು ನೀಲಿ ಟಾರ್ಪಾಲು ಹೊದಿಸಿದೆ. ಅದು ಇನ್ನೂ ತಾತ್ಕಾಲಿಕವಾಗಿಯೇ ಇದೆ. ಚಾರಣಕ್ಕೂ ಅದೇ ಧೋರಣೆ. ಮೊದಲ ದಿನ ನಡೆದು ಒಂದು ಗೆಸ್ಟ್‌ಹೌಸು, ಎರಡನೇ ದಿನ ಬೆಟ್ಟದ ಬುಡದಲ್ಲಿ ಇನ್ನೊಂದು, ಮೂರನೇ ದಿನ ಶಿಖರ!

"ಬಸ್ಸಲ್ಲಿ ಮುಕ್ಕಾಲು ಗಂಟೆ ದಾರಿ ಕಣ್ರೀ" ಅಂದಳು ಸುಶೀಲ.

"ದೇಹ ಎತ್ತರಕ್ಕೆ ಹಂತಹಂತವಾಗಿ ಹೊಂದಿಕೊಳ್ಳಬೇಕು. ಹಿಮಾಲಯದವರೂ ಹೀಗೇ ಮಾಡೋದು."

"ಅವರಿಗೆ ಬಸ್ಸಿಲ್ಲ."

ನನ್ನ ಯೋಜನೆಯ ಜೀವಾಳ ಬೇರೆ ಇತ್ತು. ಎರಡೂ ಗೆಸ್ಟ್‌ಹೌಸಿನವರು ನಮ್ಮ ಅಂಗಡಿಯ ಗಿರಾಕಿಗಳು. ಅರ್ಧ ಬಾಡಿಗೆಗೆ ಒಪ್ಪಿದ್ದರು. ಆದರೆ ಹೊರಡುವ ಬೆಳಿಗ್ಗೆ ಸುಶೀಲ ನನ್ನ ಬೆನ್ನಚೀಲಕ್ಕೆ ನಾಲ್ಕು ಅಚ್ಚು ಬೆಲ್ಲ, ಎರಡು ಸೇರು ಕಡಲೆಕಾಯಿ ತುಂಬಿದಳು.

"ಇದೇನಿದು? ನಾವು ಚಾರಣಿಗರು!"

"ಚಾರಣಿಗರಾದ್ರೆ ಬರಿಗೈಲಿ ಹೋಗಿಬಿಡೋದಾ ಒಬ್ಬರ ಮನೆಗೆ?"

ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮವರ ಪದ್ಧತಿ. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬುದು ವಯನಾಡಿನವರ ಪದ್ಧತಿ. ಈ ಎರಡರ ನಡುವೆ ನನ್ನ ಬೆನ್ನು ಇತ್ತು.

ಮೊದಲ ಗೆಸ್ಟ್‌ಹೌಸಿನ, ಊರಿಗೆಲ್ಲ ಅಕ್ಕನಾದ ಏಲಿಯಮ್ಮ ಚೇಚಿ ಎರಡಚ್ಚು ಬೆಲ್ಲ ಇಸಿದುಕೊಂಡು, ಮಾರನೆಯ ಬೆಳಿಗ್ಗೆ ಒಂದು ಗೊನೆ ನೇಂದ್ರ ಬಾಳೆ ಕೊಟ್ಟರು. ಬೇಡ ಎಂದೆ. "ಸೇಠ್, ಬಾಡಿಗೇನೂ ಅರ್ಧ, ಮರ್ಯಾದೆಯೂ ಅರ್ಧವಾ?" ಅಂದರು. ಗೊನೆಯನ್ನು ಹೆಗಲಿಗೇರಿಸಿದೆ. ಎರಡನೆಯವರು ಸರೋಜಿನಿ ಟೀಚರ್, ನಿವೃತ್ತರು. ಉಳಿದ ಬೆಲ್ಲ, ಕಡಲೆಕಾಯಿ ಇಸಿದುಕೊಂಡು ಕಣ್ಣರಳಿಸಿದರು. ಬೆಳಿಗ್ಗೆ ಹಿತ್ತಲಿಗೆ ಹೋದವರು, ಮಗುವನ್ನು ಎತ್ತಿಕೊಂಡಂತೆ ಒಂದು ಹಲಸನ್ನು ಎತ್ತಿಕೊಂಡು ಬಂದರು. ಮಗು ಚಿಕ್ಕದೇನಲ್ಲ.

"ಟೀಚರ್, ಬೆಟ್ಟ ಹತ್ತೋಕೆ ಹೊರಟಿದ್ದೀವಿ…"

"ಹತ್ತಿ. ಇಳಿದ ಮೇಲೆ ಮನೆಗೆ ತಗೊಂಡು ಹೋಗಿ. ಮೂರು ದಿನಕ್ಕೆ ಹಣ್ಣಾಗತ್ತೆ."

ಹೀಗೆ ನಾನು ಹೊಸ ಬೂಟು, ಹೊಸ ಚಾರಣದ ಪ್ಯಾಂಟು, ಒಂದು ಗೊನೆ, ಒಂದು ಹಲಸಿನೊಂದಿಗೆ ಬೆಟ್ಟದ ಬುಡ ತಲುಪಿದೆ. ಯಾರದೋ ಮಕ್ಕಳಿಬ್ಬರು ನನ್ನನ್ನು ನಿಲ್ಲಿಸಿ ಬೆಲೆ ಕೇಳಿದರು!

ಅಂದಿನ ಕೊನೆಯ ತಂಡದಲ್ಲಿ ಎರಡೇ ಟಿಕೆಟ್ ಉಳಿದಿದ್ದವು. ಕೊಂಡುಕೊಂಡೆ. ಆಗ ಗಾರ್ಡ್ ನನ್ನ ಹೆಗಲು ನೋಡಿದ. "ತಿನ್ನೋ ಸಾಮಾನು ಕಾಡಿನೊಳಗೆ ಬಿಡಲ್ಲ, ಚೇಟ್ಟಾ."

"ಕೌಂಟರಿನಲ್ಲಿ ಇಟ್ಟುಕೊಳ್ಳಿ."

"ಹೋದ ವಾರ ಒಬ್ಬರು ಬಿಸ್ಕತ್ತು ಇಟ್ಟಿದ್ದರು. ಕೋತಿಗಳು ಚಾವಣಿ ಶೀಟು ಕಿತ್ತು ಒಳಗಿಳಿದವು." ತಲೆ ಎತ್ತಿದೆ. ಶೀಟಿನಲ್ಲಿ ತೂತು ಇತ್ತು.

"ಹಾಗಾದರೆ ನೀವೇ ಮನೆಗೆ ತಗೊಂಡು ಹೋಗಿ!"

ಆತ ಹಲಸನ್ನು ತಿರುಗಿಸಿ ನೋಡಿದ. "ಅಯ್ಯೋ, ಇದು ನಮ್ಮ ಚಿಕ್ಕಮ್ಮನ ಮರದ್ದು. ಸರೋಜಿನಿ ಟೀಚರ್ ಅಲ್ವಾ? ಕೊಟ್ಟಿದ್ದನ್ನ ದಾರೀಲಿ ಬಿಟ್ಟು ಹೋದರು ಅಂತ ಗೊತ್ತಾದರೆ ನಿಮ್ಮನ್ನೂ ಬಿಡಲ್ಲ, ನನ್ನನ್ನೂ ಬಿಡಲ್ಲ."

ತಂಡದ ಮಾರ್ಗದರ್ಶಕಿ ಮಾದಿ, ಕಾಡಂಚಿನ ಹಾಡಿಯವಳು, ಗಡಿಯಾರ ನೋಡುತ್ತಿದ್ದಳು. ಟೀಚರ್ ಮನೆಗೆ ಹೋಗಿ ಇಟ್ಟು ಬರುವಷ್ಟು ಹೊತ್ತಿರಲಿಲ್ಲ. ಸುಶೀಲ ಬೆಟ್ಟವನ್ನು ನೋಡಿದಳು, ಹಲಸನ್ನು ನೋಡಿದಳು, ನನ್ನನ್ನು ನೋಡಿದಳು.

"ಬಿಡಿ, ವಾಪಸ್ಸು ಹೋಗೋಣ" ಅಂದಳು, ಅದೇ ಬಸ್ಸಿನ ಮುಖ ಮಾಡಿಕೊಂಡು.

ಜೀವನದಲ್ಲಿ ಒಮ್ಮೆ ಗಂಡಸು ದೊಡ್ಡವನಾಗಬೇಕಾಗುತ್ತದೆ. ಕಲ್ಲಿನ ಮೇಲೆ ಕೂತು, ಹಲಸನ್ನು ತೊಡೆಯ ಮೇಲೆ ಇಟ್ಟುಕೊಂಡು, "ನೀನು ಹೋಗಿ ಬಾ. ಇದನ್ನು ನಾನು ನೋಡಿಕೊಳ್ತೀನಿ" ಅಂದೆ.

"ಬಾ ಅಮ್ಮ, ಕೈ ಹಿಡೀತೀನಿ. ಮೆಲ್ಲಗೆ ಹೋಗೋಣ" ಅಂದಳು ಮಾದಿ. ಸುಶೀಲ ತಿರುವಿನವರೆಗೂ ಹಿಂತಿರುಗಿ ನೋಡುತ್ತಲೇ ಇದ್ದಳು. ನನ್ನ ಬಗ್ಗೆ ಚಿಂತೆಯೋ ಹಲಸಿನ ಬಗ್ಗೆಯೋ, ಕೇಳಲಿಲ್ಲ.

ನಂತರದ ನಾಲ್ಕು ಗಂಟೆಯನ್ನು ಸಂಕ್ಷಿಪ್ತವಾಗಿ ನಿವೇದಿಸುತ್ತೇನೆ. ಮೊದಲು ಒಂದು ಕೋತಿ ಬಂತು, ಆಮೇಲೆ ಬಂಧುಬಳಗ ಬಂತು. ಛತ್ರಿ ಬೀಸಿದೆ. ಛತ್ರಿಯನ್ನು ಕಿತ್ತುಕೊಂಡವು. ಗೊನೆ ಹತ್ತು ನಿಮಿಷದಲ್ಲಿ ಮುಗಿಯಿತು. ಹಲಸನ್ನು ಮಾತ್ರ ಎರಡೂ ಕೈಯಲ್ಲಿ ತಬ್ಬಿಕೊಂಡೆ. ತೊಟ್ಟಿನಿಂದ ಮೇಣ ಇಳಿದು ಹೊಸ ಪ್ಯಾಂಟು, ಅಂಗಿ, ಹಲಸು ಮೂರೂ ಒಂದಾದವು. ಪ್ರವಾಸಿಗರು ಬೆಟ್ಟವನ್ನು ಬಿಟ್ಟು ನನ್ನ ಫೋಟೋ ತೆಗೆದರು!

ಸುಶೀಲ ಇಳಿದು ಬಂದಳು, ಕುಂಟುತ್ತಾ, ಮಾದಿಯ ಕೈ ಹಿಡಿದು. ಮುಖ ಕೆಂಪಾಗಿತ್ತು. ಮೂವತ್ತೊಂದು ವರ್ಷದಲ್ಲಿ ಆ ಮುಖವನ್ನು ನಾನು ನೋಡಿರಲಿಲ್ಲ.

"ನಮ್ಮನೆ ಕಾಣ್ತಾ?"

"ಕಾಣ್ತು ಕಣ್ರೀ!"

"ಅಷ್ಟು ದೂರದಿಂದ ಹೇಗೆ ಗುರುತು ಹಿಡಿದೆ?"

"ನಿಮ್ಮ ನೀಲಿ ಟಾರ್ಪಾಲು. ಇಡೀ ಊರಲ್ಲಿ ಅದೊಂದೇ ಕಾಣೋದು. ಮಾದಿ ಇಷ್ಟು ವರ್ಷ ಬಂದವರಿಗೆಲ್ಲ ಅದನ್ನ ಕೆರೆ ಅಂತ ತೋರಿಸ್ತಿದ್ದಳಂತೆ."

ಮಾದಿ ನಾಚಿಕೊಂಡಳು. ನಾನೂ.

"ಮಳೆಗಾಲಕ್ಕೆ ಮೊದಲು ಹಂಚು ಹಾಕಿಸಿಬಿಡ್ತೀನಿ" ಅಂದೆ.

"ಬೇಡ, ಹಾಗೇ ಇರಲಿ" ಅಂದಳು ಸುಶೀಲ. "ಇಲ್ಲಾಂದ್ರೆ ಅಲ್ಲಿಂದ ನಮ್ಮನೆ ಯಾವುದು ಅಂತ ಹೇಗೆ ಗೊತ್ತಾಗೋದು?"

ಆಮೇಲೆ ಬಸ್ಸು ಹತ್ತಿದೆವು. ಮುಕ್ಕಾಲು ಗಂಟೆಯ ದಾರಿ.

ಬೆಟ್ಟದ ಎತ್ತರ ಎಷ್ಟೆಂದು ನನಗೆ ಇಂದಿಗೂ ಗೊತ್ತಿಲ್ಲ. ಹಲಸನ್ನು ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದೆ. ಹನ್ನೊಂದು ಕಿಲೋ ನಾನೂರು ಗ್ರಾಂ.